ಆಳಿನ ಮಾತಿಗೆ ಬೆಲೆ ಎಷ್ಟು? ಚಿನ್ನದ ಗಣಿಯಿಂದ ಬಂಗಾರಪೇಟೆಯ ರೈಲಿನವರೆಗೆ

1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ (ಕೆಜಿಎಫ್) ನಡೆದ ಒಂದೇ ಅವಘಡದಲ್ಲಿ 52 ಮಂದಿ ಸತ್ತರು. ಅದೇ ಕಾಲಕ್ಕೆ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಸತ್ತಿದ್ದರು. ಗಣಿಗೆ ಇಳಿಯುವವರ ಪ್ರಾಣ ಕಾಯಲು ಕಾನೂನು ಬೇಕೇ ಬೇಡವೇ ಎಂದು ವರ್ಷಗಟ್ಟಲೆ ಕಡತಗಳಲ್ಲಿ ಎಳೆದಾಡುತ್ತಿದ್ದ ಚರ್ಚೆ ಈ ಎರಡು ಸಾವಿನ ಸುದ್ದಿಗಳಿಂದ ಚುರುಕಾಯಿತು. 1901ರಲ್ಲಿ ಬ್ರಿಟಿಷ್ ಇಂಡಿಯಾದ ಮೊದಲ ಗಣಿ ಕಾಯಿದೆ ಬಂತು. ಮರುವರ್ಷದ ಜನವರಿಯಲ್ಲಿ ಕಲ್ಕತ್ತದಲ್ಲಿ ತೆರೆದ ಗಣಿ ತಪಾಸಣೆಯ ಕಚೇರಿಯೇ ಬೆಳೆದು, ಇಂದು ಧನ್‌ಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವಾಗಿದೆ. ಹಾಗಾಗಿ ಕೆಲಸದ ಜಾಗದ ಸುರಕ್ಷತೆಯನ್ನು ಕುರಿತು ಕೆಜಿಎಫ್‌ನಿಂದ ಮಾತು ಆರಂಭಿಸುವುದು ಊರಿನ ಮೇಲಿನ ಅಭಿಮಾನಕ್ಕಾಗಿ ಅಲ್ಲ. ಈ ದೇಶದಲ್ಲಿ ಆ ವಿಷಯ ಕಾನೂನಿನ ಪುಟಕ್ಕೆ ಏರಿದ್ದರ ಹಿಂದೆ ಈ ನೆಲದ ಹೆಣಗಳಿವೆ.

ಕೆಜಿಎಫ್‌ನ ನೂರಿಪ್ಪತ್ತು ವರ್ಷಗಳ ದಾಖಲೆಯನ್ನು ಒಟ್ಟಾಗಿ ಇಟ್ಟುಕೊಂಡು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅಪಾಯ ಎಲ್ಲಿದೆ ಎಂದು ಮೊದಲು ಗೊತ್ತಾಗುವುದು ಅಲ್ಲಿ ನಿಂತು ಕೆಲಸ ಮಾಡುವವನಿಗೆ. ಅವನ ಮಾತನ್ನು ಯಾರೂ ನಂಬದ ಕಡೆ ಆ ಅರಿವು ಅವನಲ್ಲೇ ಉಳಿದು, ಕೊನೆಗೆ ಸಾವಿನ ಲೆಕ್ಕವಾಗಿಯೋ ಗಲಭೆಯಾಗಿಯೋ ಹೊರಬರುತ್ತದೆ. ನಾವು ಸುರಕ್ಷತೆಯನ್ನು ಹೆಲ್ಮೆಟ್ಟು, ಬೂಟು, ಫಲಕಗಳ ವಿಷಯವೆಂದೂ ಗೌರವವನ್ನು ನಡೆನುಡಿಯ ವಿಷಯವೆಂದೂ ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತೇವೆ. ಕೆಜಿಎಫ್‌ನ ಚರಿತ್ರೆ ಹಾಗೆ ಇಡಲು ಬಿಡುವುದಿಲ್ಲ. ಅಲ್ಲಿ ಇವೆರಡೂ ಒಂದೇ ಪ್ರಶ್ನೆ: ಆಳಿನ ಮಾತಿಗೆ ಬೆಲೆ ಎಷ್ಟು?

ಮೊದಲು ನೆಲದ ಕೆಳಗಿನ ಮಾತು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ ಅರವತ್ತು ಡಿಗ್ರಿ ದಾಟುತ್ತದೆ. ಮೇಲಿನ ಭಾರಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಗಣಿಯ ಹಳೆಯ ಭಾಷೆಯಲ್ಲಿ ಅದಕ್ಕೆ ‘ಏರ್ ಬ್ಲಾಸ್ಟ್’ ಎಂದು ಹೆಸರು, ಈಗಿನ ತಂತ್ರಜ್ಞರು ‘ರಾಕ್ ಬರ್ಸ್ಟ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗಾಗಲೇ ಇವು ದಾಖಲಾಗತೊಡಗಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬಂಡೆಯ ಕಂಪನ ಅಳೆಯುವ ಯಂತ್ರ ಇಲ್ಲಿಗೆ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದೂ ಕೆಜಿಎಫ್‌ನಲ್ಲೇ. ಬಂಡೆಯ ವರ್ತನೆಯನ್ನು ಇಷ್ಟು ದೀರ್ಘಕಾಲ, ಇಷ್ಟು ಶ್ರದ್ಧೆಯಿಂದ ಗಮನಿಸಿದ ಗಣಿಗಳು ಜಗತ್ತಿನಲ್ಲಿ ಕೆಲವೇ. ಆ ವಿಜ್ಞಾನ ಪ್ರಾಣ ಉಳಿಸಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಬಂಡೆಗೆ ಕೊಟ್ಟಷ್ಟು ಕಿವಿಯನ್ನು ಬಂಡೆ ಕೊರೆಯುವವನಿಗೂ ಕೊಟ್ಟರೇ ಎಂದು ಕೇಳಿದಾಗ ಚಿತ್ರ ಬೇರೆಯಾಗುತ್ತದೆ.

ಸಿಲಿಕೋಸಿಸ್ ವಿಷಯವನ್ನೇ ನೋಡಿ. ಚಿನ್ನ ಕೂತಿರುವುದು ಬಿಳಿಗಲ್ಲಿನ ಪಟ್ಟಿಯಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಏದುಸಿರು, ಕೆಮ್ಮು, ನಿಶ್ಶಕ್ತಿ ಬರುತ್ತವೆ, ಹಿಂದೆಯೇ ಕ್ಷಯವೂ ಬರುತ್ತದೆ. ಒಮ್ಮೆ ಬಂದರೆ ಗುಣಪಡಿಸುವ ಮದ್ದಿಲ್ಲ; ಧೂಳು ಏಳದಂತೆ ನೀರು ಬಿಟ್ಟು ಕೊರೆಯುವುದು, ಗಾಳಿ ಆಡಿಸುವುದು, ಹೀಗೆ ತಡೆಯುವುದೊಂದೇ ದಾರಿ. 1940ರಿಂದ 1946ರವರೆಗೆ ಕೆಜಿಎಫ್‌ನಲ್ಲಿ ನಡೆದ ತಪಾಸಣೆ ಭಾರತದಲ್ಲಿ ಈ ಕಾಯಿಲೆಯ ಮೊದಲ ದೊಡ್ಡ ಅಧ್ಯಯನ. ಪರೀಕ್ಷೆಗೆ ಒಳಗಾದ 7,653 ಗಣಿಗಾರರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಗಣಿ ಆರಂಭವಾಗಿ ಆಗಲೇ ಅರವತ್ತು ವರ್ಷಗಳಾಗಿದ್ದವು. ಎರಡು ತಲೆಮಾರಿನ ಕೆಲಸಗಾರರು ಕೆಮ್ಮುತ್ತಾ ಹಳ್ಳಿಗೆ ಮರಳಿ ಸತ್ತಿದ್ದರು. ಅವರ ಮನೆಯವರಿಗೆ ಗೊತ್ತಿದ್ದದ್ದು ವೈದ್ಯಕೀಯ ಸತ್ಯವಾಗಲು ಎಕ್ಸ್‌-ರೇ ಯಂತ್ರ ಬರಬೇಕಾಯಿತು. ಆ ಕಾಲದ ವೈದ್ಯವಿಜ್ಞಾನವೇ ಅಷ್ಟಿತ್ತು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಈ ಕಾಯಿಲೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ವಿಚಾರಣಾ ಆಯೋಗದ ಮುಂದೆ ಬಂದಿತ್ತು, 1910ರ ದಶಕದಲ್ಲಿ ಪರಿಹಾರದ ಕಾನೂನೂ ಆಗಿತ್ತು. ಅಲ್ಲಿಯೂ ಆ ಕಾಳಜಿ ಮೊದಲು ಸಿಕ್ಕಿದ್ದು ಮುಖ್ಯವಾಗಿ ಬಿಳಿಯ ಗಣಿಗಾರರಿಗೆ. ಯಾರ ಕೆಮ್ಮು ಮೊದಲು ಕೇಳಿಸುತ್ತದೆ ಎಂಬುದನ್ನು ವಿಜ್ಞಾನವೊಂದೇ ತೀರ್ಮಾನಿಸುವುದಿಲ್ಲ.

ಕೆಜಿಎಫ್‌ನಲ್ಲಿ ಕೆಮ್ಮುತ್ತಿದ್ದವರು ಯಾರು? ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬರ, ಸಾಲ ಮತ್ತು ಊರಗೌಡರ ದಬ್ಬಾಳಿಕೆ ತಾಳದೆ ಬಂದವರು. ನೆಲದಾಳಕ್ಕೆ ಇಳಿಯುತ್ತಿದ್ದವರಲ್ಲಿ ಬಹುಪಾಲು ದಲಿತರು, ಅಂದಿನ ಮಾತಿನಲ್ಲಿ ಆದಿದ್ರಾವಿಡರು. ಮೇಲೆ ಯುರೋಪಿಯನ್ ಅಧಿಕಾರಿಗಳು, ಅವರ ಕೆಳಗೆ ಆಂಗ್ಲೋ-ಇಂಡಿಯನ್ನರು, ಅವರ ಕೆಳಗೆ ಮೇಸ್ತ್ರಿಗಳು, ಎಲ್ಲರ ಕೆಳಗೆ ಕೂಲಿಗಳು. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ಬಿದಿರು ತಟ್ಟಿಯ ಒಂದೇ ಕೋಣೆಯ ಮನೆಗಳ ಸಾಲು, ಇಂದಿಗೂ ಜನ ‘ಲೈನ್’ ಎಂದು ಕರೆಯುವುದು ಅದನ್ನೇ. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಇಷ್ಟು ದೂರ ಹರಿದು ಬಂದದ್ದು ಗಣಿಯ ಯಂತ್ರಗಳಿಗಾಗಿ, ಈ ಲೈನ್‌ಗಳಿಗಾಗಿ ಅಲ್ಲ. ಇಂಥ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತವನು ‘ಈ ಸುರಂಗದ ಆಸರೆ ಸರಿಯಿಲ್ಲ, ನಾನು ಇಳಿಯುವುದಿಲ್ಲ’ ಎಂದು ಹೇಳಿದ್ದರೆ ಆ ಮಾತು ಎಷ್ಟು ಮೆಟ್ಟಿಲು ಹತ್ತುತ್ತಿತ್ತು?

ಅವನ ಮಾತಿಗೆ ಬದಲಾಗಿ ಆಡಳಿತ ಕೇಳುತ್ತಿದ್ದದ್ದು ಅವನ ಮೈಯನ್ನು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕಿ ಚಿನ್ನವಿದೆಯೇ ಎಂದು ಹುಡುಕಲಾಗುತ್ತಿತ್ತು. 1906ರ ಮೈಸೂರು ಗಣಿ ಕಾಯಿದೆ ಚಿನ್ನದ ಅದಿರಿನ ಕಳವಿನ ಬಗ್ಗೆ ಬಹಳ ಕಟ್ಟುನಿಟ್ಟಿನದು. ಇದರ ಮೇಲೆ 1930ರಲ್ಲಿ ಹೊಸ ನೋಂದಣಿ ಪದ್ಧತಿ ಬಂತು, ಪ್ರತಿ ಕೆಲಸಗಾರನೂ ಬೆರಳಚ್ಚು ಕೊಡಬೇಕಾಯಿತು. ಆಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಸುಮಾರು ಮೂರು ವಾರ ನಡೆದ ಆ ಮುಷ್ಕರದ ಹಿಂದೆ ಗಟ್ಟಿಯಾದ ಕಾರ್ಮಿಕ ಸಂಘವೇನೂ ಇರಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕದಲ್ಲಿ ಈ ಮುಷ್ಕರಕ್ಕೆ ದೊಡ್ಡ ಜಾಗವಿದೆ. ನನಗೆ ಮುಖ್ಯವಾಗಿ ಕಾಣುವುದು ಇದು: ಜೀವ ತೆಗೆಯುವ ಧೂಳು, ಸಿಡಿಯುವ ಬಂಡೆ, ಕಡಿಮೆ ಕೂಲಿ ಎಲ್ಲವನ್ನೂ ಸಹಿಸಿದ್ದ ಜನ ಹೆಬ್ಬೆರಳಿಗೆ ಮಸಿ ಬಳಿಯುವುದನ್ನು ಸಹಿಸಲಿಲ್ಲ. ಅಪರಾಧಿಗಳಿಗೆ ಮಾಡುವುದನ್ನು ದುಡಿಯುವವರಿಗೆ ಮಾಡಿದಾಗ ಅವರಿಗೆ ಅದು ಕೂಲಿಗಿಂತ ದೊಡ್ಡ ಮಾತಾಯಿತು. ಇದು ಆಕಸ್ಮಿಕವೂ ಅಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್ ಲೈನ್‌ಗಳಲ್ಲಿ ತಮಿಳು ದಲಿತ ಚಿಂತಕ ಅಯೋತ್ತಿ ದಾಸರ ಬೌದ್ಧ ಚಳವಳಿ ಶತಮಾನದ ಆರಂಭದಲ್ಲೇ ಬೇರೂರಿತ್ತು. ಅವರು ಮದರಾಸಿನಲ್ಲಿ ಆರಂಭಿಸಿದ್ದ ‘ತಮಿಳನ್’ ಪತ್ರಿಕೆ 1926ರಲ್ಲಿ ಮತ್ತೆ ಜೀವ ಪಡೆದದ್ದು ಕೆಜಿಎಫ್‌ನಲ್ಲಿ, ಅವರ ಅನುಯಾಯಿ ಅಪ್ಪಾದೊರೆಯವರ ಕೈಯಲ್ಲಿ. ಓದುವ, ವಾದಿಸುವ, ತಮ್ಮ ಘನತೆಯ ಬಗ್ಗೆ ಬರೆದುಕೊಳ್ಳುವ ಸಮುದಾಯವನ್ನು ಕಂಪನಿ ಬರೀ ಕೈಕಾಲುಗಳ ಗುಂಪು ಎಂದು ಎಣಿಸಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಚಿನ್ನದ ಕಳವು ಕಂಪನಿಯ ಕಲ್ಪನೆಯಲ್ಲ, ನಿಜವಾಗಿ ನಡೆಯುತ್ತಿತ್ತು. ಕಾವಲಿಲ್ಲದೆ ಚಿನ್ನದ ಗಣಿ ನಡೆಸಲು ಯಾರಿಂದಲೂ ಆಗದು. ಶಿಸ್ತು ಸಡಿಲವಾದರೆ ಆಳದ ಗಣಿಯಲ್ಲಿ ಸಾಯುವವರು ಕೆಲಸಗಾರರೇ. ಒಪ್ಪೋಣ. ಕಾವಲು ಬೇಕು, ಶಿಸ್ತೂ ಬೇಕು. ಆದರೆ ಕಳ್ಳತನ ತಡೆಯಲು ಎಲ್ಲರನ್ನೂ ಕಳ್ಳರೆಂದು ಭಾವಿಸುವ ವ್ಯವಸ್ಥೆಗೆ ಒಂದು ಬೆಲೆ ತೆರಬೇಕಾಗುತ್ತದೆ, ಅದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಸಂಜೆ ನಿನ್ನನ್ನು ತಡಕುವವನ ಹತ್ತಿರ ಬೆಳಿಗ್ಗೆ ನೀನು ‘ಮೇಲ್ಚಾವಣಿ ಬಿರುಕು ಬಿಟ್ಟಿದೆ’ ಎಂದು ಹೇಳುವುದಿಲ್ಲ. ಹೇಳಿದರೂ ಅದನ್ನು ಅವನು ಕೆಲಸ ತಪ್ಪಿಸುವ ನೆಪವೆಂದೇ ಕೇಳಿಸಿಕೊಳ್ಳುತ್ತಾನೆ. ಶಿಸ್ತಿಗೂ ಅನುಮಾನಕ್ಕೂ ವ್ಯತ್ಯಾಸವಿದೆ. ಎಲ್ಲರ ಮೇಲೂ ಒಂದೇ ರೀತಿ ಬೀಳುವುದು ಶಿಸ್ತು. ಏಣಿಯ ಕೆಳಮೆಟ್ಟಿಲ ಮೇಲೆ ಮಾತ್ರ ಬೀಳುವುದು ಅನುಮಾನ.

ಇನ್ನು ಕೆಲವರು ಇದೆಲ್ಲ ಬಿಳಿಯರ ಕಾಲದ ಕಥೆ, ನಮ್ಮ ಕೈಗೆ ಬಂದ ಮೇಲೆ ಬದಲಾಯಿತು ಎನ್ನುತ್ತಾರೆ. ಅಷ್ಟಿಷ್ಟು ಬದಲಾಯಿತು ನಿಜ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಆಯಿತು. ಸಂಘಗಳಿಗೆ ಮಾನ್ಯತೆ, ಭವಿಷ್ಯನಿಧಿ, ಆಸ್ಪತ್ರೆ, ಮಕ್ಕಳಿಗೆ ಶಾಲೆ ಇದ್ದವು. ಗಣಿಗಾರರ ಮಕ್ಕಳು ಎಂಜಿನಿಯರುಗಳೂ ಉಪಾಧ್ಯಾಯರೂ ಆದರು. ಆದರೆ ಮಾಲೀಕ ಬದಲಾದ ಮಾತ್ರಕ್ಕೆ ಏಣಿ ಮಾಯವಾಗುವುದಿಲ್ಲ. ಅದಕ್ಕೆ ಸಾಕ್ಷಿ ಲೈನ್‌ಗಳ ಒಣ ಪಾಯಿಖಾನೆಗಳು. ಮಲಹೊರುವ ಕೆಲಸವನ್ನು ನಿಷೇಧಿಸುವ ಕಾಯಿದೆ 1993ರಲ್ಲೇ ಬಂದಿದ್ದರೂ ಕೆಜಿಎಫ್‌ನಲ್ಲಿ ಆ ಕೆಲಸ ಮುಂದಿನ ಶತಮಾನಕ್ಕೂ ನಡೆದುಬಂತು. 2011ರಲ್ಲಿ ಇಲ್ಲಿ ಮಲಗುಂಡಿಗೆ ಇಳಿದ ಮೂವರು ಸತ್ತರು. ಮೂರು ಕಿಲೋಮೀಟರು ಕೆಳಗಿನ ವಿಷಗಾಳಿಯನ್ನು ಅಳೆದು ಹೊರಹಾಕುವ ಜ್ಞಾನ ದಶಕಗಳಿಂದ ಇದ್ದ ಊರಿನಲ್ಲಿ, ಕೆಲವೇ ಅಡಿ ಆಳದ ಗುಂಡಿಯ ಗಾಳಿ ಅಳೆಯುವವರಿರಲಿಲ್ಲ. ತಾಂತ್ರಿಕ ಜ್ಞಾನದ ಕೊರತೆಯಿಂದ ಆ ಮೂವರು ಸಾಯಲಿಲ್ಲ. ಆ ಕೆಲಸ ಯಾರದ್ದು ಎಂದು ಜಾತಿ ನಿರ್ಧರಿಸಿಬಿಟ್ಟಿದ್ದರಿಂದ, ಅದನ್ನು ಮಾಡುವವರ ಪ್ರಾಣ ಸುರಕ್ಷತೆಯ ಲೆಕ್ಕದೊಳಗೆ ಬರಲೇ ಇಲ್ಲ. 2013ರಲ್ಲಿ ಇನ್ನೂ ಕಠಿಣ ಕಾಯಿದೆ ಬಂತು. ಇಂಥ ಸಾವಿಗೆ ಹತ್ತು ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಪುರಾವೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಕೆಜಿಎಫ್‌ನ ಕೆಲಸದ ಜಾಗ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ರೈಲು ಹಿಡಿದು, ಬಂಗಾರಪೇಟೆ ಜಂಕ್ಷನ್ ದಾಟಿ, ಬೆಂಗಳೂರಿನ ಕಟ್ಟಡಗಳಿಗೆ ಕಾವಲು, ಕಚೇರಿಗಳಿಗೆ ಕಸಬರಿಕೆ, ಗಾರ್ಮೆಂಟ್ಸ್‌ಗೆ ಹೊಲಿಗೆ, ಆಸ್ಪತ್ರೆಗಳಿಗೆ ಶುಶ್ರೂಷೆ ಒದಗಿಸಿ ರಾತ್ರಿ ಹಿಂತಿರುಗುವವರು ಸಾವಿರಾರು. ಗಣಿಯ ಕಾಲದಲ್ಲಿ ಒಬ್ಬನೇ ಮಾಲೀಕನಿದ್ದ, ಅವನ ಬಾಗಿಲ ಮುಂದೆ ನಿಂತು ಕೂಗಬಹುದಿತ್ತು. ಈಗ ಕೆಲಸ ಕೊಡುವ ಕಟ್ಟಡ ಒಬ್ಬರದು, ಸಂಬಳ ಕೊಡುವ ಏಜೆನ್ಸಿ ಇನ್ನೊಬ್ಬರದು, ಮೇಲ್ವಿಚಾರಕ ಮೂರನೆಯವನ ಆಳು. ತೊಂದರೆಯಾದಾಗ ಯಾರ ಹತ್ತಿರ ಹೇಳಬೇಕು ಎಂಬುದೇ ಕೆಲಸಗಾರರಿಗೆ ತಿಳಿಯುವುದಿಲ್ಲ. ಹಳೆಯ ಮೇಸ್ತ್ರಿ ಏಣಿ ಗುತ್ತಿಗೆಯ ಹೆಸರಿನಲ್ಲಿ ಇನ್ನಷ್ಟು ಉದ್ದವಾಗಿದೆ.

ಆ ಏಣಿ ಕುಸಿದದ್ದನ್ನು ಕೋಲಾರ ಜಿಲ್ಲೆ 2020ರ ಡಿಸೆಂಬರ್ 12ರ ಬೆಳಗ್ಗೆ ನರಸಾಪುರದಲ್ಲಿ ಕಂಡಿತು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಗಾಜು ಒಡೆದರು, ವಾಹನ ಉರುಳಿಸಿದರು. ಹಿಂಸೆಯನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ, ನಾನೂ ಸಮರ್ಥಿಸುವುದಿಲ್ಲ. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆ ಆಮೇಲೆ ಕಂಡುಕೊಂಡದ್ದನ್ನು ಗಮನವಿಟ್ಟು ಓದಬೇಕು. ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನು ನೋಡಿಕೊಳ್ಳುವ, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಇರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು. ಹಾಜರಾತಿಯ ವ್ಯವಸ್ಥೆ ಕೆಟ್ಟು, ದುಡಿದ ದಿನಗಳು ಲೆಕ್ಕದಲ್ಲಿ ಕಾಣೆಯಾಗಿದ್ದವು. ಬಹುಪಾಲು ಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಗಿದ್ದನ್ನು ಆಪಲ್ ಕಂಪನಿಯೇ ಒಪ್ಪಿಕೊಂಡು, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕೆಲಸಗಾರರ ಕ್ಷಮೆ ಕೇಳಿ ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಸಂಬಳ ಬಂದಿಲ್ಲ ಎಂಬ ಸರಳ ಮಾತು ಮೇಲಕ್ಕೆ ತಲುಪಲು ಕಾರ್ಖಾನೆಯ ಗಾಜು ಒಡೆಯಬೇಕಾಯಿತು. 1930ರಲ್ಲಿ ಮಸಿ ಬಳಿದ ಹೆಬ್ಬೆರಳು, 2020ರಲ್ಲಿ ಹಾಜರಾತಿ ತಪ್ಪಾಗಿ ಬರೆದುಕೊಂಡ ಯಂತ್ರ. ಎರಡು ಸಲವೂ ದಾಖಲೆಯ ಸಾಧನಕ್ಕೆ ಇದ್ದ ಬೆಲೆ ದುಡಿದವನ ಬಾಯಿಮಾತಿಗೆ ಇರಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಇಂದಿನ ಗಾರ್ಮೆಂಟ್ಸ್, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಹೆಚ್ಚಿನವರು ಅವರೇ. ರಾಜಸ್ಥಾನದ ಭಂವರಿ ದೇವಿ ತನ್ನ ಕೆಲಸ ಮಾಡಿದ್ದಕ್ಕೇ ಅತ್ಯಾಚಾರಕ್ಕೆ ಗುರಿಯಾದ ಪ್ರಕರಣದಿಂದ ಹುಟ್ಟಿದ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರದು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ಕಾಯಿದೆ ಬಂದದ್ದು 2013ರಲ್ಲಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದಲ್ಲಿ, ಇಲ್ಲವೇ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ತಾಲ್ಲೂಕು ಮಟ್ಟದಲ್ಲಿ ದೂರು ಪಡೆದು ಏಳು ದಿನದೊಳಗೆ ಆ ಸಮಿತಿಗೆ ಮುಟ್ಟಿಸುವ ಅಧಿಕಾರಿ ಇರಬೇಕೆಂದೂ ಕಾಯಿದೆ ಹೇಳುತ್ತದೆ. ಮನೆಗೆಲಸದವರೂ ಇದರೊಳಗೆ ಬರುತ್ತಾರೆ. ಹತ್ತು ವರ್ಷ ಕಳೆದ ಮೇಲೂ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿತು. ಸುಳ್ಳು ದೂರುಗಳ ಭಯವನ್ನು ಮುಂದೆ ಮಾಡುವವರಿಗೆ ಕಾಯಿದೆಯಲ್ಲೇ ಉತ್ತರವಿದೆ: ದುರುದ್ದೇಶದ ದೂರಿಗೆ ಶಿಕ್ಷೆಯುಂಟು, ಆದರೆ ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳೆಂದು ಎಣಿಸುವಂತಿಲ್ಲ. ಕೊನೆಯ ರೈಲು ತಪ್ಪಿದರೆ ಮನೆ ತಲುಪಲಾಗದ, ನಾಳೆ ಬರಬೇಡ ಎಂದರೆ ಅಷ್ಟಕ್ಕೇ ಮುಗಿಯುವ ಕೆಲಸದ ಹೆಣ್ಣುಮಗಳು ಬಾಯಿ ಬಿಡಲು ಎಷ್ಟು ಧೈರ್ಯ ಬೇಕು ಎಂದು ಯೋಚಿಸಿದರೆ, ನಮ್ಮ ಚಿಂತೆ ಸುಳ್ಳು ದೂರಿನದಾಗಿರಬೇಕೇ, ಬಾರದ ದೂರಿನದಾಗಿರಬೇಕೇ ಎಂಬುದು ಸ್ಪಷ್ಟವಾಗುತ್ತದೆ.

ಕಾನೂನು ಇಷ್ಟೆಲ್ಲ ಇರುವಾಗ ಗೌರವದ ಮಾತೇಕೆ ಎಂದು ಕೇಳಬಹುದು. ಕಾನೂನು ಸಮಿತಿಗೆ ಕುರ್ಚಿ ಹಾಕಿಸುತ್ತದೆ, ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ನಮ್ಮ ಮೇಲಿದೆ. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಆಡಳಿತದಷ್ಟೇ ಸಂಖ್ಯೆಯ ಕೆಲಸಗಾರರು ಇರಬೇಕೆಂದಾಯಿತು. ಅಪಾಯ ಕಂಡಾಗ ಎಚ್ಚರಿಸುವುದು ಕೆಲಸಗಾರನ ಹಕ್ಕು ಎಂದೂ ಬರೆಯಲಾಯಿತು. ಆ ಸಮಿತಿಯಲ್ಲಿ ಮೇಲ್ವಿಚಾರಕನಿಗೆ ಬೇಕಾದವನೇ ಕೂತರೆ ಅದು ಫೋಟೋಕ್ಕಷ್ಟೇ. ಗುತ್ತಿಗೆಯವರು ಕೂರಬೇಕು, ಹೆಂಗಸರು ಕೂರಬೇಕು, ಕಸ ಗುಡಿಸುವವರೂ ಕೂರಬೇಕು. ಸಭೆ ತಮಿಳು, ತೆಲುಗು, ಕನ್ನಡ, ಉರ್ದು ಯಾವುದರಲ್ಲಿ ಅವರಿಗೆ ಬಾಯಿ ಬರುತ್ತದೋ ಅದರಲ್ಲಿ ನಡೆಯಬೇಕು. ಎಚ್ಚರಿಸಿದವನ ಕೆಲಸ ಆರು ತಿಂಗಳಾದರೂ ಯಾರೂ ಮುಟ್ಟುವಂತಿರಬಾರದು. ಸಣ್ಣ ಉದ್ಯಮಗಳಿಗೆ ಇದೆಲ್ಲ ಹೊರೆ ಎಂಬ ಅಹವಾಲು ಅರ್ಧ ನಿಜ: ಯಂತ್ರಗಳಿಗೆ ದುಡ್ಡು ಬೇಕು. ತಿಂಗಳಿಗೊಮ್ಮೆ ಕೂರಿಸಿ ಕೇಳಲು, ಕೇಳಿದ್ದನ್ನು ಬರೆದಿಡಲು, ಮುಂದಿನ ತಿಂಗಳು ಏನಾಯಿತೆಂದು ಉತ್ತರ ಕೊಡಲು ಹಣ ಬೇಕಿಲ್ಲ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಮಾಡಿದ 190ನೆಯ ಒಪ್ಪಂದ ಗುತ್ತಿಗೆಯವರನ್ನೂ ತರಬೇತಿಯವರನ್ನೂ, ಕೆಲಸಕ್ಕೆ ಹೋಗಿಬರುವ ಪ್ರಯಾಣವನ್ನೂ ಒಳಗೊಳ್ಳುತ್ತದೆ. ರೈಲಿನಲ್ಲೇ ದಿನದ ಕೆಲವು ಗಂಟೆ ಕಳೆಯುವ ಊರಿಗೆ ಇದು ತನಗಾಗಿಯೇ ಬರೆದಂತಿದೆ. ಭಾರತ ಅದನ್ನು ಅಂಗೀಕರಿಸಬೇಕು.

ಅಷ್ಟರವರೆಗೆ ಕಾಯಬೇಕಿಲ್ಲದ ಒಂದು ಕೆಲಸವಿದೆ. ಕೋಲಾರ ಮತ್ತು ಬೆಂಗಳೂರು ಜಿಲ್ಲೆಗಳ ಸ್ಥಳೀಯ ಸಮಿತಿ ಎಲ್ಲಿದೆ, ತಾಲ್ಲೂಕಿನಲ್ಲಿ ದೂರು ಪಡೆಯುವ ಅಧಿಕಾರಿ ಯಾರು, ಕಾರ್ಮಿಕ ಇಲಾಖೆ ಮತ್ತು ಕಾರ್ಖಾನೆಗಳ ಇಲಾಖೆಯನ್ನು ಸಂಪರ್ಕಿಸುವುದು ಹೇಗೆ ಎಂಬುದನ್ನು ಕನ್ನಡ, ತಮಿಳು, ತೆಲುಗು, ಉರ್ದುವಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿ, ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗಿನ ಪ್ರತಿ ನಿಲ್ದಾಣದ ಪ್ಲಾಟ್‌ಫಾರಂ ಗೋಡೆಯ ಮೇಲೆ ಹಾಕಿಸಲಿ. ಜಿಲ್ಲಾಡಳಿತವೂ ರೈಲ್ವೆಯೂ ಸೇರಿದರೆ ಒಂದು ತಿಂಗಳ ಕೆಲಸ. ನಸುಕಿನ ರೈಲಿಗೆ ಕಾದು ನಿಂತವರು ಅದನ್ನು ಓದುತ್ತಾರೆ.